ದತ್ತಿ ಹಣ ಬಂದಿದೆ: ಒಂದೇ ದೊಡ್ಡ ಪ್ರಶಸ್ತಿಯೋ, ಹತ್ತು ಸಣ್ಣ ಅನುದಾನವೋ?

ಕಡತಯಜ್ಞ (ಚರ್ಚೆ ಆರಂಭಿಸಿದವರು)
ಎಲ್ಲರಿಗೂ ನಮಸ್ಕಾರ. ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದ್ದೇನೆ, ಅನುಭವ ಇರುವವರು ದಾರಿ ಹೇಳಿ.

ನಾನಿರುವ ಸಂಶೋಧನಾ ಸಂಸ್ಥೆಗೆ ನಿವೃತ್ತ ಪ್ರಾಧ್ಯಾಪಕರೊಬ್ಬರು ದತ್ತಿ ಇಟ್ಟಿದ್ದಾರೆ. ಮೂಲಧನ ಮುಟ್ಟುವ ಹಾಗಿಲ್ಲ, ಪ್ರತಿ ವರ್ಷದ ಬಡ್ಡಿ ಮಾತ್ರ ಬಳಸಬಹುದು. ಅವರು ಬರೆದುಕೊಟ್ಟ ಷರತ್ತು ಒಂದೇ ಸಾಲು: ಈ ಹಣ ಉತ್ಕೃಷ್ಟ ಸಂಶೋಧನೆಗೆ ಸಲ್ಲಬೇಕು. ವಿಜ್ಞಾನವೋ ಮಾನವಿಕವೋ ಅಂತಲೂ ಹೇಳಿಲ್ಲ. ನಿಯಮಾವಳಿ ಬರೆಯುವ ಉಪಸಮಿತಿಗೆ ನನ್ನನ್ನು ಹಾಕಿದ್ದಾರೆ (ಬೇರೆ ಯಾರೂ ಒಪ್ಪಲಿಲ್ಲ ಅಂತ ಕಾಣುತ್ತೆ).

ಸಮಿತಿಯಲ್ಲಿ ಈಗಾಗಲೇ ಎರಡು ಪಂಗಡ. ಹಿರಿಯರಿಗೆ ವರ್ಷಕ್ಕೊಬ್ಬರಿಗೆ ದೊಡ್ಡ ಮೊತ್ತದ ಪ್ರಶಸ್ತಿ ಕೊಡಬೇಕು, ಸಮಾರಂಭ ಆಗಬೇಕು. ನನಗೂ ಇನ್ನೊಬ್ಬ ಸದಸ್ಯೆಗೂ ಅದೇ ಬಡ್ಡಿಯನ್ನು ಹತ್ತು ಪಾಲು ಮಾಡಿ, ಪಿಎಚ್‌ಡಿ ಮುಗಿಸಿ ಸ್ವಂತ ಕೆಲಸ ಶುರು ಮಾಡುತ್ತಿರುವವರಿಗೆ ಅನುದಾನವಾಗಿ ಕೊಡೋಣ ಅನ್ನಿಸುತ್ತೆ. ಹಿರಿಯರೊಬ್ಬರು ಹೇಳಿದ್ದು: "ಚೂರು ಚೂರು ಹಂಚಿದರೆ ಪಡೆದವರ ಹೆಸರೂ ಉಳಿಯೋಲ್ಲ, ಕೊಟ್ಟವರ ಹೆಸರೂ ಉಳಿಯೋಲ್ಲ." ಇದಕ್ಕೆ ಏನಂತ ಉತ್ತರ ಕೊಡಲಿ?

ರಾತ್ರಿಪಾಳಿ
ಪ್ರಶಸ್ತಿ ಕೊಟ್ಟರೆ ಫೋಟೋ ಸಿಗುತ್ತೆ, ಅನುದಾನ ಕೊಟ್ಟರೆ ಲೆಕ್ಕಪತ್ರ ಸಿಗುತ್ತೆ. ಸಮಿತಿ ಯಾವುದನ್ನ ಆರಿಸುತ್ತೆ ಅಂತ ಬೇರೆ ಹೇಳಬೇಕಾ?

ಪ್ರಿಸಂ_ಪಟ್ಟಕ
ಕಡತಯಜ್ಞ ಅವರೇ, ನಿಮ್ಮ ಹಿರಿಯರಿಗೆ ನೊಬೆಲ್ ಉಯಿಲನ್ನೇ ತೋರಿಸಿ. 1895ರಲ್ಲಿ ಆಲ್ಫ್ರೆಡ್ ನೊಬೆಲ್ ಬರೆದದ್ದು "ಹಿಂದಿನ ವರ್ಷದಲ್ಲಿ" ಮನುಕುಲಕ್ಕೆ ಅತಿ ಹೆಚ್ಚು ಉಪಕಾರ ಮಾಡಿದವರಿಗೆ ಬಹುಮಾನ ಅಂತ. ಆಗಿದ್ದೇನು? ಕೋಳಿಗಳಲ್ಲಿ ಗಡ್ಡೆ ತರುವ ವೈರಸ್ಸಿನ ಬಗ್ಗೆ ಪೇಟನ್ ರೌಸ್ ಪ್ರಕಟಿಸಿದ್ದು 1911ರಲ್ಲಿ, ನೊಬೆಲ್ ಬಂದದ್ದು 1966ರಲ್ಲಿ. ಆಗ ಅವರಿಗೆ 87 ವರ್ಷ. ಚಂದ್ರಶೇಖರ್ ಬಿಳಿ ಕುಬ್ಜ ನಕ್ಷತ್ರಗಳ ದ್ರವ್ಯರಾಶಿಯ ಮಿತಿ ಲೆಕ್ಕ ಹಾಕಿದ್ದು 1930ರ ಹೊತ್ತಿಗೆ, ಬಹುಮಾನ 1983ಕ್ಕೆ. ಲಿಥಿಯಂ ಬ್ಯಾಟರಿಯ ಗುಡ್‌ಇನಫ್ 97ನೇ ವಯಸ್ಸಿನಲ್ಲಿ ಪಡೆದರು. ಇಷ್ಟು ಹೊತ್ತಿಗೆ ಆ ಹಣದಿಂದ ಯಾವ ಸಂಶೋಧನೆ ನಡೆಯಬೇಕು ಹೇಳಿ. ಪ್ರಶಸ್ತಿ ಮುಗಿದ ಕೆಲಸಕ್ಕೆ, ಅನುದಾನ ಆಗಬೇಕಾದ ಕೆಲಸಕ್ಕೆ. ಅಷ್ಟೇ ವ್ಯತ್ಯಾಸ.

ಗಣಿತಗಿರಿಜೆ
ಬೇಕಾದ ಉದಾಹರಣೆ ಮಾತ್ರ ಆರಿಸಿಕೊಂಡಿದ್ದೀರಿ. ರಾಮನ್ ಪರಿಣಾಮ 1928, ನೊಬೆಲ್ 1930. ಭೌತವಿಜ್ಞಾನಿಗಳಾದ ಲೀ ಮತ್ತು ಯಾಂಗ್ ಪ್ರಬಂಧ 1956, ನೊಬೆಲ್ 1957. ಗುರುತ್ವ ಅಲೆ ಸಿಕ್ಕಿದ್ದು 2015ರ ಸೆಪ್ಟೆಂಬರಲ್ಲಿ, ಬಹುಮಾನ 2017ರಲ್ಲಿ. ತಡ ಆಗೋದೇ ನಿಯಮ ಅಂತೇನಿಲ್ಲ.

ಪ್ರಿಸಂ_ಪಟ್ಟಕ
ಗಿರಿಜಾ ಮೇಡಂ, ಲೀ ಮತ್ತು ಯಾಂಗ್‌ಗೆ ಬೇಗ ಸಿಕ್ಕಿತು ನಿಜ. ಅವರ ಊಹೆ ಸರಿ ಅಂತ ಕೋಬಾಲ್ಟ್ ಪ್ರಯೋಗ ಮಾಡಿ ತೋರಿಸಿದ ಚಿಯೆನ್-ಶಿಯುಂಗ್ ವೂ ಅವರಿಗೆ ಸಿಕ್ಕಿತಾ? ಗುರುತ್ವ ಅಲೆಯದೂ ಅಷ್ಟೇ. ಆ ಅಲೆಯನ್ನು ಹಿಡಿದ ಲೈಗೋ ವೀಕ್ಷಣಾಲಯ ಕಟ್ಟಿದ ಮೂವರಲ್ಲಿ ಒಬ್ಬರಾದ ರಾನ್ ಡ್ರೆವರ್ ಅದೇ 2017ರ ಮಾರ್ಚಿನಲ್ಲಿ ತೀರಿಕೊಂಡರು, ಅಕ್ಟೋಬರಲ್ಲಿ ಘೋಷಣೆ.

ಮಾಸ್ತರ್_ಮಗ
ಶುರು ಆತ ನೋಡ್ರಿ, ಯಾರಿಗೆ ಸಿಗಲಿಲ್ಲ ಅನ್ನೂ ಪಟ್ಟಿ. ನಾನೂ ಒಂದು ಸೇರಸ್ತೀನಿ: ಲೀಸ್ ಮೈಟ್ನರ್. ಯುರೇನಿಯಂ ಒಡೆಯೂದನ್ನ ಬಿಡಿಸಿ ಹೇಳಿದಾಕಿ ಆಕಿ, 1944ರ ರಸಾಯನಶಾಸ್ತ್ರದ ಬಹುಮಾನ ಓಟ್ಟೊ ಹಾನ್‌ಗ ಒಬ್ಬಂಗ. ಕಡೀಕ 109ನೇ ಮೂಲಧಾತುವಿಗೆ ಆಕಿ ಹೆಸರು ಇಟ್ರು. ಅದೇನ್ ಸಣ್ಣದಲ್ಲ ಬಿಡ್ರಿ.

ಚುಕ್ಕಿಚಂದ್ರ
ಬೆಲ್ ಬರ್ನೆಲ್ ಬಿಟ್ಟುಬಿಟ್ರಲ್ಲ! 1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ವಿದ್ಯಾರ್ಥಿನಿ. ದೂರದರ್ಶಕದಿಂದ ಮೈಲಿಗಟ್ಟಲೆ ಚಾರ್ಟ್ ಪೇಪರ್ ಹೊರಬರೋದು, ಅದನ್ನೆಲ್ಲ ಕಣ್ಣಲ್ಲೇ ನೋಡಬೇಕು. ಆ ಗೀಚಿನ ನಡುವೆ ಕಾಲಿಂಚಿನಷ್ಟು ಜಾಗದಲ್ಲಿ ಏನೋ ಒಂದು ಕೊಳಕು ಗುರುತು ಇದ್ದದ್ದನ್ನ ಅವರು ಹಿಡಿದರು. ಅದೇ ಪಲ್ಸಾರ್, ಮಿಡಿಯೋ ನಕ್ಷತ್ರ. 1974ರ ನೊಬೆಲ್ ಅವರ ಮಾರ್ಗದರ್ಶಕ ಹ್ಯೂವಿಶ್‌ಗೆ, ಜೊತೆಗೆ ಮಾರ್ಟಿನ್ ರೈಲ್‌ಗೆ. ಗೈಡುಗಳಿಗೆ ಜೈ.

ಗಣಿತಗಿರಿಜೆ
ಅವರೇ ಅದನ್ನು ಇಷ್ಟು ದೊಡ್ಡದು ಮಾಡಲಿಲ್ಲ. ತೀರಾ ಅಪರೂಪದ ಸಂದರ್ಭ ಬಿಟ್ಟು ವಿದ್ಯಾರ್ಥಿಗಳಿಗೆ ನೊಬೆಲ್ ಕೊಡೋದು ಸರಿಯಲ್ಲ ಅನ್ನೋ ಅರ್ಥದ ಮಾತನ್ನು ಅವರೇ ಆಡಿದ್ದಾರೆ. ಕಥೆಯ ಎರಡನೇ ಭಾಗವನ್ನು ಯಾರೂ ಹೇಳೋಲ್ಲ: 2018ರಲ್ಲಿ ಅವರಿಗೆ ವಿಶೇಷ ಬ್ರೇಕ್‌ಥ್ರೂ ಬಹುಮಾನ ಬಂತು, 30 ಲಕ್ಷ ಡಾಲರ್. ಪೂರ್ತಿ ಹಣವನ್ನು ಪಿಎಚ್‌ಡಿ ವಿದ್ಯಾರ್ಥಿವೇತನಕ್ಕೆ ಬಿಟ್ಟುಕೊಟ್ಟರು, ಭೌತವಿಜ್ಞಾನದಲ್ಲಿ ಕಡಿಮೆ ಕಾಣಿಸುವ ಹಿನ್ನೆಲೆಯವರಿಗೆ ಅಂತಲೇ. ನೋಡಿ, ದೊಡ್ಡ ಪ್ರಶಸ್ತಿ ಸಣ್ಣ ಅನುದಾನಗಳಾಯಿತು.

ರಾತ್ರಿಪಾಳಿ
ಹಾಗಾದರೆ ಮೊದಲೇ ಸಣ್ಣ ಅನುದಾನ ಕೊಟ್ಟರೆ ಮಧ್ಯೆ ಒಂದು ಸಮಾರಂಭ ಉಳೀತು 😄

ಕಡತಯಜ್ಞ
ಸ್ನೇಹಿತರೇ, ನೊಬೆಲ್ ಜಗಳ ಚೆನ್ನಾಗಿದೆ, ಆದರೆ ನನ್ನ ಬಡ್ಡಿ ಹಣದಲ್ಲಿ ಸ್ವೀಡನ್ನಿನ ಅಂಚೆಚೀಟಿಯೂ ಬರೋಲ್ಲ. ಸಣ್ಣ ಮೊತ್ತದ ಮಾತಾಡಿ. ಸಣ್ಣ ಅನುದಾನದಿಂದ ನಿಜಕ್ಕೂ ಏನಾದರೂ ವ್ಯತ್ಯಾಸ ಆಗುತ್ತಾ?

ಹಸಿರುಪ್ರೋಟೀನ್
ಆಗುತ್ತೆ. ಸಿಗದೇ ಇದ್ದಾಗ ಏನಾಗುತ್ತೆ ಅನ್ನೋದನ್ನ ನೋಡಿದರೆ ಗೊತ್ತಾಗುತ್ತೆ.

ಡಗ್ಲಸ್ ಪ್ರಾಶರ್ ಕಥೆ ಎಷ್ಟು ಜನಕ್ಕೆ ಗೊತ್ತೋ ಏನೋ. ಒಂದು ಜಾತಿಯ ಜೆಲ್ಲಿ ಮೀನಿನಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನ್ ಇದೆ. ಅದರ ಜೀನನ್ನು ಬೇರ್ಪಡಿಸಿ, ಅದರ ಅನುಕ್ರಮವನ್ನು 1992ರಲ್ಲಿ ಪ್ರಕಟಿಸಿದವರು ಈತ. ಆ ಜೀನನ್ನು ಬೇರೆ ಜೀವಕೋಶಕ್ಕೆ ಸೇರಿಸಿದರೆ ಆ ಕೋಶದೊಳಗೆ ಏನು ನಡೀತಿದೆ ಅಂತ ಬೆಳಕಲ್ಲೇ ನೋಡಬಹುದು ಅಂತ ಈತನಿಗೆ ಹೊಳೆದಿತ್ತು. ಆದರೆ ಹಣ ಮುಗಿಯಿತು, ಮುಂದಿನ ಅರ್ಜಿ ತಿರಸ್ಕಾರ ಆಯಿತು. ಕೆಲಸ ಬಿಡುವ ಮೊದಲು ಆ ಜೀನಿನ ಮಾದರಿಯನ್ನು ಕೇಳಿದ್ದ ಇಬ್ಬರಿಗೆ ಕಳಿಸಿಕೊಟ್ಟರು. ಒಬ್ಬರು ಮಾರ್ಟಿನ್ ಚಾಲ್ಫಿ, ಇನ್ನೊಬ್ಬರು ರೋಜರ್ ಚೆನ್. 2008ರಲ್ಲಿ ಅದೇ ಹಸಿರು ಪ್ರೋಟೀನ್‌ಗೆ ರಸಾಯನಶಾಸ್ತ್ರದ ನೊಬೆಲ್ ಬಂತು: ಶಿಮೊಮುರಾ, ಚಾಲ್ಫಿ, ಚೆನ್. ಆ ಹೊತ್ತಿಗೆ ಪ್ರಾಶರ್ ಕಾರು ಮಾರುವ ಒಂದು ಅಂಗಡಿಯಲ್ಲಿ ಗಿರಾಕಿಗಳನ್ನು ಕರೆದುಕೊಂಡು ಹೋಗಿ ಬಿಡುವ ವ್ಯಾನಿನ ಡ್ರೈವರ್.

ಚಾಲ್ಫಿ ಮತ್ತು ಚೆನ್ ದೊಡ್ಡ ಮನುಷ್ಯರು, ತಮ್ಮ ಖರ್ಚಿನಲ್ಲಿ ಪ್ರಾಶರ್ ದಂಪತಿಯನ್ನು ಸ್ಟಾಕ್‌ಹೋಮಿಗೆ ಕರೆಸಿಕೊಂಡರು. ಆಮೇಲೆ ಕೆಲ ವರ್ಷ ಚೆನ್ ಅವರ ಪ್ರಯೋಗಾಲಯದಲ್ಲೇ ಪ್ರಾಶರ್ ಕೆಲಸ ಮಾಡಿದರು. ಸಮಾರಂಭ ಬೇಡ ಅಂತಿಲ್ಲ ನಾನು. ಆದರೆ ಆ ಮನುಷ್ಯನಿಗೆ ಬೇಕಿದ್ದದ್ದು ತೊಂಬತ್ತರ ದಶಕದ ಮೊದಲಲ್ಲಿ ಇನ್ನೊಂದಿಷ್ಟು ಕಾಲದ ಸಂಬಳ.

ಚುಕ್ಕಿಚಂದ್ರ
ಇದು ಗೊತ್ತಿರಲಿಲ್ಲ. ವ್ಯಾನು ಓಡಿಸೋ ಕೆಲಸದಲ್ಲಿದ್ದು ಆ ಸುದ್ದಿ ಕೇಳೋ ಗತಿ ಯಾರಿಗೂ ಬೇಡ.

ತೂಕದಕಲ್ಲು
ಒಂದು ಕಥೆಯಿಂದ ನಿಯಮ ಬರೆಯೋಕಾಗೋಲ್ಲ. ಅವತ್ತು ಆತನಿಗೆ ಇಲ್ಲ ಅಂದ ಸಮಿತಿ ಅದೇ ಹಣವನ್ನು ಇನ್ಯಾರಿಗೋ ಕೊಟ್ಟಿರುತ್ತೆ, ಅವರು ಏನು ಕಂಡುಹಿಡಿದರು ಅಂತ ನಾವು ಕೇಳೋದೇ ಇಲ್ಲ.

ಅಂಕಿ ಅಂಶ ಇರೋ ಕಡೆ ಬನ್ನಿ. 2018ರಲ್ಲಿ ನೆದರ್ಲೆಂಡ್ಸ್‌ನ ಯುವ ಸಂಶೋಧಕರ ಅನುದಾನದ ಮೇಲೆ ಒಂದು ಅಧ್ಯಯನ ಬಂತು. ಆಯ್ಕೆಯ ಗೆರೆಯ ಸ್ವಲ್ಪ ಮೇಲೆ ಇದ್ದವರು, ಸ್ವಲ್ಪ ಕೆಳಗೆ ಇದ್ದವರು, ಇಬ್ಬರನ್ನೂ ಹೋಲಿಸಿದರು. ಅಂಕದಲ್ಲಿ ಹೇಳಿಕೊಳ್ಳುವಂಥ ಅಂತರ ಇಲ್ಲ. ಆದರೂ ಮುಂದಿನ ಎಂಟು ವರ್ಷದಲ್ಲಿ ಮೇಲಿದ್ದವರು ಕೆಳಗಿದ್ದವರ ಎರಡರಷ್ಟಕ್ಕಿಂತ ಹೆಚ್ಚು ಸಂಶೋಧನಾ ಹಣ ಪಡೆದಿದ್ದರು. ಒಂದು ಕಾರಣ ಏನಂದ್ರೆ, ಸೋತವರು ಮುಂದೆ ಅರ್ಜಿ ಹಾಕೋದನ್ನೇ ಕಡಿಮೆ ಮಾಡಿದ್ದರು. ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲೇ ಹೇಳಿದ್ದು ಇದನ್ನೇ, ಮ್ಯಾಥ್ಯೂ ಪರಿಣಾಮ ಅಂತ. ಇದ್ದವರ ಮನೆಗೇ ಇನ್ನಷ್ಟು ಹೋಗುತ್ತೆ.

ಹಾಗಾಗಿ ಕಡತಯಜ್ಞ ಅವರೇ, ನೀವು ಕೊಡೋ ಮೊತ್ತಕ್ಕಿಂತ ಮೊದಲ "ಹೌದು" ಅನ್ನೋದಕ್ಕೇ ಬೆಲೆ ಹೆಚ್ಚು. ಹತ್ತು ಜನಕ್ಕೆ ಹೌದು ಅನ್ನಿ.

ಗಣಿತಗಿರಿಜೆ
ಈ ಒಂದು ವಾದಕ್ಕೆ ನಾನು ತಲೆಬಾಗ್ತೀನಿ. ಆದರೂ ಒಂದು ಪ್ರಶ್ನೆ. ಆ ಹತ್ತು ಜನರನ್ನು ಆರಿಸೋದು ಹೇಗೆ? ಪ್ರಸ್ತಾವನೆ ಬರೆಸ್ತೀರಿ, ರಿವ್ಯೂಗೆ ಕಳಿಸ್ತೀರಿ, ಆರು ತಿಂಗಳು ಕೂರ್ತೀರಿ.

ತೂಕದಕಲ್ಲು
ಅದೂ ಲೆಕ್ಕ ಆಗಿದೆ. 2012ರಲ್ಲಿ ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿಗೆ ಬಂದ ಅರ್ಜಿಗಳು 3727. ಅವನ್ನು ಬರೆಯೋಕೆ ಸಂಶೋಧಕರು ಕಳೆದ ಸಮಯ ಒಟ್ಟು 550 ವರ್ಷದ ದುಡಿಮೆಗೆ ಸಮ ಅಂತ ಅಂದಾಜು. ಹಣ ಸಿಕ್ಕಿದ್ದು ಐದರಲ್ಲಿ ಒಂದಕ್ಕೆ. ಅಂದ್ರೆ ನಾಲ್ಕು ಶತಮಾನ ನೇರ ಕಸದ ಬುಟ್ಟಿಗೆ.

ಮಾಸ್ತರ್_ಮಗ
ಅದರಾಗ ನನ್ನವೂ ಒಂದಿಷ್ಟು ತಿಂಗಳು ಕೂಡಸ್ರಿ. ನಾನು ಆಸ್ಟ್ರೇಲಿಯಾಕ್ಕ ಹಾಕಿಲ್ಲ ಖರೆ, ಆದ್ರ ಬುಟ್ಟಿ ಎಲ್ಲಾ ಕಡೆ ಒಂದ ನಮೂನಿ ಇರ್ತಾವು.

ಲಾಟರಿಲಿಂಗಣ್ಣ
ಚೀಟಿ ಎತ್ತಿ. ತಮಾಷೆ ಅಲ್ಲ. ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ ಒಂದು ಬಗೆಯ ಅನುದಾನಕ್ಕೆ 2013ರಿಂದ ಚೀಟಿ ಎತ್ತೋ ಪದ್ಧತಿ ಇಟ್ಟಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಪ್ರತಿಷ್ಠಾನ 2017ರಿಂದ ಭಾಗಶಃ ಮಾಡಿ ನೋಡಿತು. ಸ್ವಿಸ್ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದಲ್ಲಿ ಗೆರೆಯ ಹತ್ತಿರ ಸಮಸಮ ಬಿದ್ದವರ ನಡುವೆ ಚೀಟಿ. ಮೊದಲು ಒಂದು ಸಲ ಜರಡಿ ಹಿಡಿದು ತೀರಾ ಆಗದ್ದನ್ನ ತೆಗೀತಾರೆ, ಉಳಿದವರ ಹೆಸರು ಡಬ್ಬಿಗೆ. ಯಾರ ಶಿಷ್ಯ, ಯಾವ ಲ್ಯಾಬು, ಯಾವ ಜಾತಿ, ಡಬ್ಬಿಗೆ ಒಂದೂ ಗೊತ್ತಾಗೋಲ್ಲ.

ಗಣಿತಗಿರಿಜೆ
ಲಿಂಗಣ್ಣೋರೇ, "ಉತ್ಕೃಷ್ಟ ಸಂಶೋಧನೆ" ಅಂತ ದಾನಿ ಬರೆದಿದ್ದಾರೆ, "ಅದೃಷ್ಟವಂತ ಸಂಶೋಧನೆ" ಅಂತ ಅಲ್ಲ. ಚೀಟಿ ಎತ್ತಿ ಬಂದ ಹೆಸರನ್ನ ಹೆಮ್ಮೆಯಿಂದ ಹೇಳಿಕೊಳ್ಳೋದು ಹೇಗೆ?

ಲಾಟರಿಲಿಂಗಣ್ಣ
ಈಗಲೂ ಚೀಟಿನೇ ಮೇಡಂ. ಯಾವ ರಿವ್ಯೂವರ್ ಕೈಗೆ ಫೈಲು ಬಿತ್ತು ಅನ್ನೋದೇ ಚೀಟಿ. ನಾನು ಡಬ್ಬಿಯನ್ನ ಮೇಜಿನ ಮೇಲೆ ಇಡಿ ಅಂತಿದ್ದೀನಿ, ಅಷ್ಟೇ.

ಓಲೆಗರಿ
ನಾನು ಹಳೆಯ ಹಸ್ತಪ್ರತಿಗಳ ಮೇಲೆ ಕೆಲಸ ಮಾಡುವವಳು. ಇಷ್ಟು ಹೊತ್ತು ಎಲ್ಲರೂ ಲ್ಯಾಬು, ವೈರಸ್ಸು, ನಕ್ಷತ್ರ ಅಂತಲೇ ಮಾತಾಡಿದಿರಿ. ದಾನಿಯವರು ಮಾನವಿಕ ಬೇಡ ಅಂದಿಲ್ಲ ತಾನೆ?

ನಮ್ಮ ಕಡೆಗೆ ದೊಡ್ಡ ಬಹುಮಾನ ಇಲ್ಲ ಅಂತಲ್ಲ. ನಾರ್ವೆಯ ಹೋಲ್‌ಬರ್ಗ್ ಬಹುಮಾನ 2004ರಿಂದ ಇದೆ, 2025ರಲ್ಲಿ ಗಾಯತ್ರಿ ಸ್ಪಿವಾಕ್ ಅವರಿಗೆ ಬಂತು. ಅಮೆರಿಕದ ಕ್ಲೂಗಿ ಬಹುಮಾನ 2008ರಲ್ಲಿ ರೊಮಿಲಾ ಥಾಪರ್ ಮತ್ತು ಪೀಟರ್ ಬ್ರೌನ್ ಇಬ್ಬರಿಗೂ ಸೇರಿ. ಆದರೆ ಕೆಳಗಿನ ಮೆಟ್ಟಿಲುಗಳೇ ಇಲ್ಲ. ನಮಗೆ ಬೇಕಾದ್ದು ಕೋಟಿಯ ಯಂತ್ರ ಅಲ್ಲ. ಒಂದು ಪ್ರತಿ ಇನ್ನೊಂದು ಸಂಗ್ರಹಾಲಯದಲ್ಲಿರುತ್ತೆ, ಹೋಗಿ ಕೂತು ಎರಡನ್ನೂ ಸಾಲು ಸಾಲಾಗಿ ಹೋಲಿಸಬೇಕು. ಗರಿಯ ಅಂಚು ಹುಳ ತಿಂದಿರುತ್ತೆ. ಫೋಟೋದಲ್ಲಿ ಅದು ಅಕ್ಷರದ ಕೊಂಬೋ ಹುಳದ ತೂತೋ ಗೊತ್ತಾಗೋಲ್ಲ, ಬೆಳಕಿಗೆ ಓರೆಯಾಗಿ ಹಿಡಿದಾಗಲೇ ತಿಳಿಯೋದು. ಆ ಪ್ರಯಾಣಕ್ಕೆ ಅಂತ ಅರ್ಜಿ ಹಾಕಿದರೆ ಫಾರಂನಲ್ಲಿ "ಉಪಕರಣಗಳ ಪಟ್ಟಿ ಲಗತ್ತಿಸಿ" ಅಂತ ಕಾಲಂ. ಒಮ್ಮೆ ಭೂತಗನ್ನಡಿ ಅಂತ ಬರೆದೆ. ಕೊಟೇಶನ್ ಲಗತ್ತಿಸಿಲ್ಲ ಅಂತ ವಾಪಸ್ ಬಂತು.

ನಿಮ್ಮ ಹತ್ತು ಪಾಲಿನಲ್ಲಿ ಮೂರಾದರೂ ನಮ್ಮಂಥವರಿಗೆ ಅಂತ ನಿಯಮದಲ್ಲೇ ಬರೆದಿಡಿ. ಮಾತಿನಲ್ಲಿ "ಎಲ್ಲ ವಿಷಯಗಳಿಗೂ ಮುಕ್ತ" ಅಂದರೆ ಕೊನೆಗೆ ಹತ್ತೂ ಲ್ಯಾಬಿಗೇ ಹೋಗುತ್ತೆ.

ರಾತ್ರಿಪಾಳಿ
ಭೂತಗನ್ನಡಿಗೆ ಕೊಟೇಶನ್ 😂😂

ಕಡತಯಜ್ಞ
ಓಲೆಗರಿ ಮೇಡಂ, ಬರೆದುಕೊಂಡೆ. ಉಪಕರಣದ ಕಾಲಂ ಇರೋಲ್ಲ.

ಚುಕ್ಕಿಚಂದ್ರ
ವಿಷಯಾಂತರಕ್ಕೆ ಕ್ಷಮೆ ಇರಲಿ. "ನಿಮ್ಮನ್ನು ಅತ್ಯುತ್ತಮ ವಿಜ್ಞಾನಿ ಪ್ರಶಸ್ತಿಗೆ ಆಯ್ಕೆ ಮಾಡಲಾಗಿದೆ, ನೋಂದಣಿ ಶುಲ್ಕ ಕಟ್ಟಿ" ಅನ್ನೋ ಇಮೇಲು ಎಲ್ಲರಿಗೂ ಬರುತ್ತಾ, ನನಗೆ ಮಾತ್ರನಾ?

ಹಸಿರುಪ್ರೋಟೀನ್
ನನಗೆ ದಂತವೈದ್ಯಕ್ಕೆ ಬಂದಿತ್ತು. ನಾನು ಕೆಲಸ ಮಾಡೋದು ಯೀಸ್ಟ್ ಮೇಲೆ.

ಮಾಸ್ತರ್_ಮಗ
ನಗಬ್ಯಾಡ್ರಿ. ಬಡ್ತಿ ಅರ್ಜಿಯೊಳಗ "ಪಡೆದ ಪ್ರಶಸ್ತಿಗಳು" ಅಂತ ಒಂದು ಕಾಲಂ ಇರ್ತದಲ್ಲ, ಅದರ ಸಲುವಾಗಿ ರೊಕ್ಕ ಕೊಟ್ಟು ತಗೊಂಡವರನ್ನ ನಾ ಕಣ್ಣಾರೆ ನೋಡೀನಿ. ಫಲಕದ ಮ್ಯಾಲ ಹೆಸರು ತಪ್ಪು ಕೆತ್ತಿದ್ರು, ಆದ್ರೂ ಕಪಾಟಿನ್ಯಾಗ ಇಟ್ಕೊಂಡಾರ.

ತೂಕದಕಲ್ಲು
ಇದು ವಿಷಯಾಂತರ ಅಲ್ಲ. ಕಾಲಂ ಇದ್ದರೆ ಅದನ್ನ ತುಂಬಿಸೋ ಅಂಗಡಿ ಹುಟ್ಟೇ ಹುಟ್ಟುತ್ತೆ. ನಿಮ್ಮ ನಿಯಮದಲ್ಲಿ "ಈ ಹಿಂದೆ ಪಡೆದ ಪ್ರಶಸ್ತಿಗಳು" ಅಂತ ಕೇಳಲೇಬೇಡಿ.

ಉಡಾವಣೆ
ಇಷ್ಟೆಲ್ಲ ತಲೆಬಿಸಿ ಯಾಕೆ? ಸವಾಲು ಬಹುಮಾನ ಇಡಿ. "ಈ ಸಮಸ್ಯೆ ಬಿಡಿಸಿದವರಿಗೆ ಇಷ್ಟು" ಅಂತ ಘೋಷಿಸಿ. ಗೆದ್ದವರಿಗೆ ಹಣ, ಯಾರೂ ಗೆಲ್ಲದಿದ್ದರೆ ಹಣ ಉಳೀತು. 1714ರಲ್ಲಿ ಬ್ರಿಟಿಷ್ ಸಂಸತ್ತು ಸಮುದ್ರದಲ್ಲಿ ರೇಖಾಂಶ ಹಿಡಿಯೋ ದಾರಿಗೆ 20,000 ಪೌಂಡ್ ಇಟ್ಟಿತು, ಬಡಗಿಯ ಮಗ ಜಾನ್ ಹ್ಯಾರಿಸನ್ ಗಡಿಯಾರ ಮಾಡಿ ಬಿಡಿಸಿದ. 2004ರಲ್ಲಿ ಅನ್ಸಾರಿ ಎಕ್ಸ್ ಪ್ರೈಜ್, ಒಂದು ಕೋಟಿ ಡಾಲರ್, ಖಾಸಗಿ ವಿಮಾನ ಅಂತರಿಕ್ಷ ಮುಟ್ಟಿ ಬಂತು. ಇದಕ್ಕಿಂತ ಬೇರೆ ಪುರಾವೆ ಬೇಕಾ?

ಪ್ರಿಸಂ_ಪಟ್ಟಕ
ಹ್ಯಾರಿಸನ್ ಕಥೆಯನ್ನು ಪೂರ್ತಿ ಹೇಳಿ ಗುರುಗಳೇ. ಮೊದಲ ಸಮುದ್ರ ಗಡಿಯಾರ ಮುಗಿದದ್ದು 1735ರ ಹೊತ್ತಿಗೆ. ಕೈಯಲ್ಲಿ ಹಿಡಿಯೋ ನಾಲ್ಕನೆಯದು 1759ಕ್ಕೆ. ಸಂಸತ್ತಿನಿಂದ ಕೊನೆಯ ಕಂತು ಕೈಗೆ ಬಂದದ್ದು 1773ರಲ್ಲಿ, ಆತನಿಗೆ ಎಂಬತ್ತಾದ ಮೇಲೆ. ನಡುವಿನ ಅಷ್ಟು ವರ್ಷ ಏನು ತಿಂದು ಬದುಕಿದ? 1737ರಿಂದ ರೇಖಾಂಶ ಮಂಡಳಿ ಆಗಾಗ ಕೊಟ್ಟ ಮುಂಗಡ ಹಣ. ಬಹುಮಾನದ ಕಥೆ ಅಂತ ಎಲ್ಲರೂ ಹೇಳ್ತಾರೆ, ಆತನ ಕೆಲಸ ನಡೆಸಿದ್ದು ಅನುದಾನ.

ಉಡಾವಣೆ
ಆ 20,000 ಪೌಂಡ್ ಕಣ್ಣ ಮುಂದೆ ಇಲ್ಲದಿದ್ದರೆ ಆತ ಶುರುನೇ ಮಾಡ್ತಿರಲಿಲ್ಲ.

ಪ್ರಿಸಂ_ಪಟ್ಟಕ
ಮುಂಗಡ ಇಲ್ಲದಿದ್ದರೆ ಮುಗಿಸ್ತಿರಲಿಲ್ಲ. ಕಡತಯಜ್ಞರ ಬಡ್ಡಿಯಲ್ಲಿ 20,000 ಪೌಂಡಿನ ಆಸೆ ಹುಟ್ಟಿಸೋಕಂತೂ ಆಗೋಲ್ಲ.

ಗಣಿತಗಿರಿಜೆ
ನಿಮ್ಮ ಹಿರಿಯರ ಮಾತಿಗೆ ಉತ್ತರ ನಮ್ಮ ಗಣಿತದಲ್ಲೇ ಇದೆ ಅಂತ ಈಗ ಹೊಳೀತು. ಹೆಸರು ಉಳಿಯೋಕೆ ಮೊತ್ತ ದೊಡ್ಡದಿರಬೇಕು ಅಂತ ಯಾರು ಹೇಳಿದ್ದು? ಫೀಲ್ಡ್ಸ್ ಪದಕ 1936ರಿಂದ ಇದೆ. ಜೊತೆಗೆ ಬರೋ ಹಣ 15,000 ಕೆನಡಾ ಡಾಲರ್. ಆಬೆಲ್ ಬಹುಮಾನ 75 ಲಕ್ಷ ನಾರ್ವೆ ಕ್ರೋನ್, 2007ರಲ್ಲಿ ನಮ್ಮ ವರದನ್ ಅವರಿಗೆ ಬಂತು. ಎರಡರ ಹಣ ಒಂದಕ್ಕೊಂದು ಸಮೀಪಕ್ಕೂ ಬರೋಲ್ಲ, ಆದರೆ ಗಣಿತಜ್ಞರನ್ನು ಕೇಳಿ, ಫೀಲ್ಡ್ಸ್ ಅಂದರೆ ಯಾರೂ ಮೂಗು ಮುರಿಯೋಲ್ಲ. ಪೆರೆಲ್‌ಮನ್ ಅನ್ನೋ ರಷ್ಯಾದ ಗಣಿತಜ್ಞ 2006ರಲ್ಲಿ ಆ ಪದಕವನ್ನೂ 2010ರಲ್ಲಿ ಇನ್ನೊಂದು ಬಹುಮಾನದ ಹತ್ತು ಲಕ್ಷ ಡಾಲರನ್ನೂ ಬೇಡ ಅಂದಾಗ ಪತ್ರಿಕೆಯವರು ಡಾಲರ್ ಬಗ್ಗೆ ಬರೆದರು. ನಾವು ಮಾತಾಡಿದ್ದು ಪದಕದ ಬಗ್ಗೆ. ಪದಕಕ್ಕೆ ಬೆಲೆ ಬಂದಿರೋದು ಯಾರಿಗೆ ಕೊಟ್ಟರು ಅನ್ನೋದರಿಂದ.

ಹಾಗಾಗಿ ಹಿರಿಯರಿಗೆ ಪದಕ ಕೊಡಿ, ಹಣ ಕೊಡಬೇಡಿ. ಸಮಾರಂಭ, ಉಪನ್ಯಾಸ, ಶಾಲು ಎಲ್ಲ ಆಗಲಿ. ಬಡ್ಡಿ ಪೂರ್ತಿ ಹುಡುಗರಿಗೆ ಹೋಗಲಿ.

ಹಸಿರುಪ್ರೋಟೀನ್
"ಹುಡುಗರಿಗೆ" ಅಂದಿರಿ ನೋಡಿ. ವಯಸ್ಸಿನ ಮಿತಿ ಹಾಕಬೇಡಿ. ಫೀಲ್ಡ್ಸ್‌ಗೆ ನಲವತ್ತರ ಮಿತಿ ಇದೆ. ಫರ್ಮಾ ಪ್ರಮೇಯ ಸಾಧಿಸಿದ ಆಂಡ್ರ್ಯೂ ವೈಲ್ಸ್ 1998ರಲ್ಲಿ ಅದನ್ನು ದಾಟಿದ್ದಕ್ಕೆ ಬೆಳ್ಳಿ ಫಲಕ ಕೊಟ್ಟು ಸಮಾಧಾನ ಮಾಡಿದರು. ಹೆಣ್ಣುಮಕ್ಕಳಿಗಂತೂ ವಯಸ್ಸಿನ ಮಿತಿ ಅಂದರೆ ಬಾಣಂತನಕ್ಕೆ ದಂಡ ಹಾಕಿದ ಹಾಗೆ. ಯುರೋಪಿಯನ್ ಸಂಶೋಧನಾ ಮಂಡಳಿ ತನ್ನ ಆರಂಭಿಕ ಅನುದಾನಕ್ಕೆ ಪಿಎಚ್‌ಡಿ ಮುಗಿದಲ್ಲಿಂದ ಲೆಕ್ಕ ಹಿಡಿಯುತ್ತೆ, ತಾಯಂದಿರಿಗೆ ಮಗು ಒಂದಕ್ಕೆ 18 ತಿಂಗಳ ವಿನಾಯಿತಿ ಇದೆ. ಆ ಸಾಲನ್ನ ಹಾಗೇ ಎತ್ತಿಕೊಳ್ಳಿ.

ಓಲೆಗರಿ
ಇದಕ್ಕೆ ನನ್ನ ಎರಡೂ ಕೈ ಮೇಲೆ.

ಲಾಟರಿಲಿಂಗಣ್ಣ
ನನ್ನ ಡಬ್ಬಿ ಏನಾಯ್ತು?

ಕಡತಯಜ್ಞ
ಎಲ್ಲರಿಗೂ ಧನ್ಯವಾದ. ಸಭೆಗೆ ಒಯ್ಯೋ ಕರಡು ಹೀಗಿದೆ. ಮೂರು ವರ್ಷಕ್ಕೊಮ್ಮೆ ಪದಕ, ಹಣ ಇಲ್ಲ, ಹೊರಗಿನವರಿಂದ ನಾಮನಿರ್ದೇಶನ, ತನ್ನ ಹೆಸರು ತಾನೇ ಕಳಿಸುವಂತಿಲ್ಲ. ಬಡ್ಡಿಯೆಲ್ಲ ಪ್ರತಿ ವರ್ಷ ಹತ್ತು ಅನುದಾನಕ್ಕೆ, ಅದರಲ್ಲಿ ಮೂರು ಮಾನವಿಕಕ್ಕೆ. ಪಿಎಚ್‌ಡಿ ಮುಗಿದ ವರ್ಷದಿಂದ ಲೆಕ್ಕ, ತಾಯಂದಿರಿಗೆ ವಿನಾಯಿತಿ. ಅರ್ಜಿ ಒಂದೇ ಪುಟ. ಸಮಿತಿ ಸದಸ್ಯರ ಶಿಷ್ಯರು ಬಂದರೆ ಆ ಸದಸ್ಯರು ಹೊರಗೆ ಕೂರಬೇಕು. ಗೆರೆಯ ಮೇಲೆ ಸಮಸಮ ಬಿದ್ದರೆ ಲಿಂಗಣ್ಣನವರ ಡಬ್ಬಿ.

ಉಡಾವಣೆ
ಹತ್ತು ಜನರಲ್ಲಿ ಒಂಬತ್ತು ಜನ ಏನೂ ಮಾಡೋಲ್ಲ, ನೋಡ್ತಿರಿ.

ತೂಕದಕಲ್ಲು
ಒಬ್ಬರು ಮಾಡಿದರೆ ಸಾಕು. ದೊಡ್ಡ ಪ್ರಶಸ್ತಿ ಪಡೆದವರು ಮುಂದೆ ಏನು ಮಾಡಿದರು ಅಂತ ಯಾರೂ ವರದಿ ಕೇಳೋಲ್ಲ, ಅದನ್ನೂ ನೆನಪಿಡಿ.

ಮಾಸ್ತರ್_ಮಗ
ಶಿಷ್ಯರು ಬಂದ್ರ ಹೊರಗ ಕೂಡಬೇಕು ಅಂದ್ರ ನಿಮ್ಮ ಸಮಿತಿ ಪೂರಾ ವರಾಂಡಾದಾಗ ಇರ್ತದ್ರೀ. ಹೊರಗಿನವರು ಇಬ್ಬರನ್ನ ಈಗಲೇ ಹಾಕ್ಕೊಳ್ರಿ.

ಓಲೆಗರಿ
"ಒಂದೇ ಪುಟ" ಅಂದಲ್ಲಿ ಅಕ್ಷರದ ಗಾತ್ರವನ್ನೂ ನಮೂದಿಸಿ. ಇಲ್ಲದಿದ್ದರೆ ನನ್ನ ಭೂತಗನ್ನಡಿ ನಿಮಗೇ ಬೇಕಾಗುತ್ತೆ.